ಪೆಟ್ಟಿಗೆಯಲ್ಲಿ ಏಜಾಕ್ಸ್, ಮೇಜಿನ ಮೇಲೆ ಡೆಲ್ಲಿ

ಅರವತ್ತರ ದಶಕದ ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಯುದ್ಧನೌಕೆ ಕಿಟ್ಟಿನ ಪೆಟ್ಟಿಗೆ ತೆರೆದವರು ಸಾಮಾನ್ಯವಾಗಿ ಮೂಗು ಮುರಿಯುತ್ತಾರೆ. ಫಿರಂಗಿಗೆ ನಳಿಗೆ ಇದೆ, ಬಾಯಿ ಇಲ್ಲ. ಮಾಸ್ಟು ಇರಬೇಕಾದ್ದಕ್ಕಿಂತ ದಪ್ಪ. ಡೆಕ್ಕಿನ ಅಂಚಿನಲ್ಲಿ ಕಂಬಿಬೇಲಿಯ ಸುಳಿವೇ ಇಲ್ಲ. ಒಡಲಿನ ಎರಡು ಹೋಳನ್ನು ಜೋಡಿಸಿದರೆ ನಡುವೆ ಸಂದು ಬಿಡುತ್ತದೆ. ಇಂಥದ್ದು ಬೇಡ, ಈಚಿನ ಚೀನಾ ಅಥವಾ ಜಪಾನಿನ ಕಿಟ್ ತೆಗೆದುಕೊಳ್ಳಿ ಎಂದು ತಿಳಿದವರು ಸಲಹೆ ಕೊಡುತ್ತಾರೆ. ನಾನು ಹೇಳುವುದು ಬೇರೆ. ಒಡಲಿನ ಆಕಾರ ಸರಿಯಿದ್ದರೆ ಆ ಹಳೆಯ ಕಿಟ್ಟನ್ನೇ ಕೊಳ್ಳಿ. ಉಳಿದದ್ದೆಲ್ಲ ಕೈಯಲ್ಲಿ ಮಾಡಿಕೊಳ್ಳುವಂಥದ್ದು. ನಮ್ಮ ದೇಶದ ಹಳೆಯ ಹಡಗೊಂದನ್ನು ಕಟ್ಟುವ ಆಸೆ ಇದ್ದವರಿಗಂತೂ ಇದೇ ಸರಿಯಾದ ದಾರಿ.

ಐಎನ್‌ಎಸ್ ಡೆಲ್ಲಿಯನ್ನೇ ತೆಗೆದುಕೊಳ್ಳಿ. ಸ್ವತಂತ್ರ ಭಾರತದ ನೌಕಾಪಡೆಯ ಮೊದಲ ಕ್ರೂಸರ್ ಅದು. 1932ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ನೀರಿಗಿಳಿದಾಗ ಅದರ ಹೆಸರು ಅಕಿಲೀಸ್. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಮುಖದ ಹೊರಗೆ ಜರ್ಮನಿಯ ಗ್ರಾಫ್ ಸ್ಪೀಯನ್ನು ಎದುರಿಸಿದ ಮೂರು ಕ್ರೂಸರ್‌ಗಳಲ್ಲಿ ಇದೂ ಒಂದು. ಇನ್ನೆರಡು ಏಜಾಕ್ಸ್ ಮತ್ತು ಎಕ್ಸೆಟರ್. ಗ್ರಾಫ್ ಸ್ಪೀಯಲ್ಲಿದ್ದವು 11 ಇಂಚಿನ ಆರು ಫಿರಂಗಿ, ಅಕಿಲೀಸ್‌ನಲ್ಲಿದ್ದವು 6 ಇಂಚಿನ ಎಂಟು. ನಾಲ್ಕು ದಿನದ ಬಳಿಕ ಜರ್ಮನ್ ಕಪ್ತಾನ ಮಾಂಟೆವಿಡಿಯೊ ಬಳಿ ತನ್ನ ಹಡಗನ್ನು ತಾನೇ ಮುಳುಗಿಸಿದ. 1948ರ ಜುಲೈ 5ರಂದು ಅಕಿಲೀಸ್ ಭಾರತದ ಕೈಗೆ ಬಂದು ಡೆಲ್ಲಿ ಆಯಿತು. 1950ರಲ್ಲಿ ನೆಹರೂ ಇಂಡೋನೇಷ್ಯಾಕ್ಕೆ ಹೋದದ್ದು ಇದೇ ಹಡಗಿನಲ್ಲಿ. 1956ರಲ್ಲಿ ತೆರೆಕಂಡ ‘ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್’ ಚಿತ್ರದಲ್ಲಿ ಅಕಿಲೀಸ್ ಪಾತ್ರಕ್ಕೆ ಬಣ್ಣ ಹಚ್ಚಿದ್ದೂ ಡೆಲ್ಲಿಯೇ. ಅಣ್ಣಾವ್ರ ಊರಾದ ದೊಡ್ಡಗಾಜನೂರಿನಲ್ಲಿ ಕೂತು ಬರೆಯುವವನಿಗೆ ಹಡಗೊಂದು ಸಿನಿಮಾ ನಟನೂ ಆಗಿತ್ತೆಂಬುದು ಬಲು ಪ್ರಿಯವಾದ ಸಂಗತಿ. 1961ರ ಗೋವಾ ವಿಮೋಚನೆಯ ವೇಳೆ ಅದು ದಿಯು ಕಡೆಗೆ ಫಿರಂಗಿ ಹಾರಿಸಿತು. 1978ರಲ್ಲಿ ಸೇವೆಯಿಂದ ಬಿಡುಗಡೆಯಾಗಿ ಒಡೆಯುವವರ ಪಾಲಾಯಿತು. ಅದರ ಟರೆಟ್ (ಫಿರಂಗಿ ಕೂರಿಸುವ ತಿರುಗುಗೂಡು) ಒಂದು, ಅಕಿಲೀಸ್ ಆಗಿದ್ದಾಗ ದುಡಿದ ನ್ಯೂಜಿಲೆಂಡಿಗೆ ಮರಳಿ, ಆಕ್ಲೆಂಡ್‌ನ ಡೆವನ್‌ಪೋರ್ಟ್ ನೌಕಾನೆಲೆಯ ಬಾಗಿಲಲ್ಲಿ ಇಂದಿಗೂ ನಿಂತಿದೆ.

ಡೆಲ್ಲಿ ಎಂದು ಹೆಸರು ಬರೆದ ಪೆಟ್ಟಿಗೆಯನ್ನು ಬ್ರಿಟನ್ನಿನ ಏರ್‌ಫಿಕ್ಸ್ ತರಲಿಲ್ಲ. 1960ರ ದಶಕದಲ್ಲಿ ಅದು ತಂದದ್ದು ಅದೇ ಲಿಯಾಂಡರ್ ವರ್ಗದ ಏಜಾಕ್ಸ್ ಹಡಗನ್ನು, 1/600 ಪ್ರಮಾಣದಲ್ಲಿ. ಎರಡೂ ಹಡಗಿನ ಒಡಲು ಒಂದೇ ನಕ್ಷೆಯದು. ಎರಡಕ್ಕೂ ನಡುವೆ ಒಂದೇ ದಪ್ಪ ಹೊಗೆಗೊಳವೆ. ಹಾಗಾಗಿ ಏಜಾಕ್ಸ್ ಪೆಟ್ಟಿಗೆಯೊಳಗೆ ಡೆಲ್ಲಿ ಇದೆ. ಹೊರಗೆ ತೆಗೆಯುವ ಕೆಲಸ ನಮ್ಮದು. ಕಿಟ್ಟಿನಲ್ಲಿ ಇಲ್ಲದ ಭಾಗವನ್ನು ಹಾಳೆ, ತಂತಿ, ಕಡ್ಡಿಗಳಿಂದ ಮೊದಲಿನಿಂದ ಕಟ್ಟುವ ಈ ಕಸುಬಿಗೆ ಹವ್ಯಾಸಿಗಳು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ.

ಹಳೆಯ ಕಿಟ್ ಒರಟಾಗಿರುವುದಕ್ಕೆ ಕಾರಣ ಇದೆ. ಕಾದ ಪಾಲಿಸ್ಟೈರೀನ್ ಉಕ್ಕಿನ ಅಚ್ಚಿನೊಳಗೆ ನುಗ್ಗಿ ಮೂಲೆಮೂಲೆ ತುಂಬಬೇಕು. ದಾರಿ ತೀರ ಸಣ್ಣದಾದರೆ ಅರ್ಧಕ್ಕೇ ಆರಿ ನಿಲ್ಲುತ್ತದೆ. ತುಂಬಿದ ಮೇಲೆ ಭಾಗ ಅಚ್ಚಿನಿಂದ ಮುರಿಯದೆ ಬಿಟ್ಟುಬರಲು ಪಕ್ಕಗಳು ಕೊಂಚ ಓರೆಯಾಗಿರಬೇಕು. ಉಕ್ಕಿನ ಅಚ್ಚಿಗೆ ಬೀಳುವ ಹಣವೂ ದೊಡ್ಡದು. ಅದನ್ನು ದಶಕಗಟ್ಟಲೆ ದುಡಿಸಿಕೊಳ್ಳುತ್ತಾರೆ. 1950ರ ದಶಕದ ಗೋಲ್ಡನ್ ಹೈಂಡ್ ಹಡಗಿನ ಕಿಟ್ಟಿನಿಂದ ಈ ದಾರಿ ಹಿಡಿದ ಏರ್‌ಫಿಕ್ಸ್‌ನ ಪೆಟ್ಟಿಗೆಗಳ ಮೇಲೆ ಈಚಿನ ವರ್ಷಗಳಲ್ಲಿ ‘ಭಾರತದಲ್ಲಿ ತಯಾರಾದದ್ದು’ ಎಂಬ ಮುದ್ರೆಯೂ ಇರುತ್ತದೆ.

ಕತ್ತಿ ಹಿಡಿಯುವ ಮೊದಲು ಲೆಕ್ಕ ಮಾಡಬೇಕು. ನಿಜವಾದ ಹಡಗಿನ ಉದ್ದ ಸುಮಾರು 169 ಮೀಟರ್. 600ರಿಂದ ಭಾಗಿಸಿದರೆ 28.2 ಸೆಂ.ಮೀ. ಕಿಟ್ಟಿನ ಒಡಲಿಗೆ ಸ್ಕೇಲು ಹಿಡಿದು ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಈ ಪ್ರಮಾಣದಲ್ಲಿ 1 ಮಿ.ಮೀ. ಎಂದರೆ ನಿಜದ 60 ಸೆಂ.ಮೀ. ನಾವಿಕನೊಬ್ಬನ ಎತ್ತರ 3 ಮಿ.ಮೀ.ಗೂ ಕಡಿಮೆ. ಕಪ್ತಾನ ನಿಂತು ಹಡಗು ನಡೆಸುವ ಸೇತುವೆಯ ಸುತ್ತ ಇರುವ ತಗಡಿನ ಮರೆಗೆ ಕಿಟ್ ಅರ್ಧ ಮಿ.ಮೀ. ದಪ್ಪ ಕೊಟ್ಟಿದ್ದರೆ ಅದು 30 ಸೆಂ.ಮೀ. ಆಯಿತು, ನಮ್ಮ ಮನೆಗಳ ಒಂಬತ್ತಿಂಚಿನ ಇಟ್ಟಿಗೆ ಗೋಡೆಗಿಂತ ದಪ್ಪ. ಹಳೆಯ ಕಿಟ್ ಆಟಿಕೆಯಂತೆ ಕಾಣುವುದಕ್ಕೆ ಮೂಲ ಇಲ್ಲಿದೆ. ಭಾಗಗಳು ಕಡಿಮೆ ಎಂಬುದಕ್ಕಿಂತ ಇರುವ ಭಾಗ ದಪ್ಪ ಎಂಬುದೇ ಕಣ್ಣನ್ನು ಕೆಡಿಸುವುದು.

ಆದ್ದರಿಂದ ಮೊದಲ ಕೆಲಸ ಕಳೆಯುವುದು. ಏಜಾಕ್ಸ್‌ನಲ್ಲಿ ಮುಂದೆ ಎರಡು, ಹಿಂದೆ ಎರಡು ಜೋಡಿನಳಿಗೆಯ ಟರೆಟ್. ಅಕಿಲೀಸ್‌ನ ಹಿಂಭಾಗದ ಮೇಲಿನ ಟರೆಟ್ಟನ್ನು ಎರಡನೆಯ ಮಹಾಯುದ್ಧದ ನಡುವೆ ಕಿತ್ತು ಆ ಜಾಗವನ್ನು ಚಿಕ್ಕ ವಿಮಾನನಿರೋಧಕ ಫಿರಂಗಿಗಳಿಗೆ ಕೊಟ್ಟರು. ಭಾರತಕ್ಕೆ ಬಂದಾಗ ಇದ್ದದ್ದು ಮೂರೇ ಟರೆಟ್, ಆರು ನಳಿಗೆ. ವಿಮಾನ ಹಾರಿಸುವ ಕವಣೆಯಂತ್ರವೂ ಡೆಲ್ಲಿಗೆ ಇರಲಿಲ್ಲ. ಕಿಟ್ಟಿನ ಕವಣೆಯಂತ್ರ, ವಿಮಾನ ಎರಡನ್ನೂ ಪಕ್ಕಕ್ಕಿಡಿ. ಒಂಟಿ ಕಂಬದ ಮಾಸ್ಟಿನ ಬದಲು ಮೂರು ಕಾಲಿನ ಮಾಸ್ಟು ಬರಬೇಕು. ತೆಗೆದ ಟರೆಟ್ಟಿನ ಜಾಗದ ತೂತನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಪುಟ್ಟಿ ತುಂಬಿ, ನೀರುಕಾಗದದಲ್ಲಿ ಉಜ್ಜಿ. ಒಡಲಿನ ಸಂದನ್ನೂ ಇದೇ ಸಮಯಕ್ಕೆ ಮುಗಿಸಿ. ಮೇಲಿನ ಸಣ್ಣ ಕೆಲಸ ಆದಮೇಲೆ ಉಜ್ಜಲು ಹೋದರೆ ಎಲ್ಲ ಕಿತ್ತುಬರುತ್ತದೆ.

ಎರಡನೆಯ ಕೆಲಸ ತೆಳುಮಾಡುವುದು. ಇಡೀ ಗೋಡೆಯನ್ನು ಕೆರೆಯಬೇಕಿಲ್ಲ. ನೋಡುವವನಿಗೆ ಕಾಣುವುದು ಮೇಲಂಚು ಮಾತ್ರ. ಒಳಬದಿಯಿಂದ ಬ್ಲೇಡನ್ನು ಓರೆಯಾಗಿ ಎಳೆಯುತ್ತ ಬಂದರೆ ಅಂಚು ಕಾಗದದಂತಾಗುತ್ತದೆ, ಬುಡದ ಬಲ ಹಾಗೇ ಉಳಿಯುತ್ತದೆ. ಹೊಗೆಗೊಳವೆಯ ನೆತ್ತಿಗೂ ಇದೇ ಉಪಾಯ: ಒಳಗೆ ಕೊರೆದು, ಅಂಚು ತೆಳುಮಾಡಿ, ಮೇಲೆ ಸಣ್ಣ ತಂತಿಯ ಜಾಲರಿ ಕೂರಿಸಿ. ಕೆರೆದರೂ ಸರಿಹೋಗದ ಮರೆಗಳನ್ನು ಕತ್ತರಿಸಿ ಹೊಸದು ಮಾಡಿ. ತಳದಲ್ಲಿ ತ್ರಿಕೋನದೊಳಗೆ 6 ಎಂಬ ಅಂಕಿ ಇರುವ ಮೊಸರಿನ ಬಟ್ಟಲು ಪಾಲಿಸ್ಟೈರೀನ್‌ನದೇ. ಕಿಟ್ಟಿನ ಅಂಟು ಅದನ್ನು ಕರಗಿಸಿ ಬೆಸೆಯುತ್ತದೆ.

ಇನ್ನು ಫಿರಂಗಿ. ಒಂದೇ ಭಾಗ ಬದಲಿಸುವಷ್ಟು ಬಿಡುವಿದ್ದವರು ಇದನ್ನೇ ಬದಲಿಸಿ. 6 ಇಂಚು ಎಂದರೆ 152 ಮಿ.ಮೀ.; 600ರಿಂದ ಭಾಗಿಸಿದರೆ ನಳಿಗೆಯ ಬಾಯಿ 0.25 ಮಿ.ಮೀ. ನಮ್ಮೂರಿಗೆ ಹತ್ತಿರದ ತಾಳವಾಡಿಯಂಥ ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಕಂದು ಬಣ್ಣದ ಬುಡದ 26 ಗೇಜ್ ಸೂಜಿ ಕೇಳಿ. ಅದರ ಒಳರಂಧ್ರ 0.26 ಮಿ.ಮೀ., ಹೊರ ಅಗಲ 0.46. ಇಷ್ಟು ಕರಾರುವಾಕ್ಕಾದ 6 ಇಂಚಿನ ಫಿರಂಗಿ ಯಾವ ಪ್ಲಾಸ್ಟಿಕ್ ಅಚ್ಚಿನಿಂದಲೂ ಬರದು. ಡೆಲ್ಲಿಯ ಪಕ್ಕದಲ್ಲಿದ್ದ 4 ಇಂಚಿನ ಎಂಟು ಫಿರಂಗಿಗಳಿಗೆ ಬಾಯಿ 0.17 ಮಿ.ಮೀ.; ಹಳದಿ ಬುಡದ 30 ಗೇಜ್ ಸೂಜಿಯ ರಂಧ್ರ 0.16. ಬಳಸದ ಹೊಸ ಸೂಜಿಯನ್ನೇ ಕೊಳ್ಳಿ, ಆಸ್ಪತ್ರೆಯ ಕಸದ ಹತ್ತಿರ ಸುಳಿಯಬೇಡಿ.

ಸೂಜಿಯನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ತ್ರಿಕೋನದ ಸಣ್ಣ ಅರದಿಂದ ಸುತ್ತಲೂ ಗೀರು ಹಾಕಿ, ಎರಡು ಚಿಮಟದಲ್ಲಿ ಹಿಡಿದು ಬಾಗಿಸಿ, ಗೀರಿನಲ್ಲೇ ಮುರಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ತುಂಡು ಹಾರುತ್ತದೆ. ಮುರಿದ ತುದಿಯನ್ನು ಸಾಣೆಕಲ್ಲಿನ ಮೇಲೆ ನೇರವಾಗಿ ನಿಲ್ಲಿಸಿ ಉಜ್ಜಿ, ಅದಕ್ಕಿಂತ ಸಣ್ಣ ತಂತಿ ತೂರಿಸಿ ರಂಧ್ರ ಬಿಡಿಸಿ. ನಿಜವಾದ ನಳಿಗೆ ಬುಡದಲ್ಲಿ ದಪ್ಪ, ತುದಿಗೆ ಸಣ್ಣ. ಬುಡದ ಕಡೆ ತೆಳುವಾಗಿ ಫೆವಿಕ್ವಿಕ್ ಸವರಿ, ಒಣಗಿಸಿ, ತಿರುಗಿಸುತ್ತ ಉಜ್ಜಿದರೆ ಆ ಇಳಿಜಾರು ಬರುತ್ತದೆ. ಟರೆಟ್ಟಿನ ಮುಖಕ್ಕೆ ಎಲೆಕ್ಟ್ರಾನಿಕ್ಸ್ ಬೋರ್ಡು ಕೊರೆಯುವ 0.5 ಮಿ.ಮೀ. ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೂತು ಮಾಡಿ. ಜೋಡಿನಳಿಗೆ ಒಂದಕ್ಕೊಂದು ಸಮಾಂತರವಾಗಿ ಕೂತಿತೇ ಎಂದು ಮೇಲಿನಿಂದಲೂ ಪಕ್ಕದಿಂದಲೂ ನೋಡಿದ ನಂತರವೇ ಅಂಟು ಬಿಡಿ. ಇಷ್ಟಾದರೆ ಹಡಗಿಗೆ ಗಾಂಭೀರ್ಯ ಬಂತು.

ಕಂಬಿಬೇಲಿ ಈ ಪ್ರಮಾಣದಲ್ಲಿ ಸುಮಾರು 1.8 ಮಿ.ಮೀ. ಎತ್ತರ. ಹಿತ್ತಾಳೆ ತಗಡನ್ನು ರಾಸಾಯನಿಕದಲ್ಲಿ ಕೊರೆದು ಮಾಡಿದ ಸಿದ್ಧ ಬೇಲಿ ಸಿಗುತ್ತದೆ. ಕೈಯಲ್ಲೇ ಮಾಡಬೇಕೆಂದರೆ ನಮ್ಮ ಕಡೆ ಸಾಮಗ್ರಿಗೆ ಬರವಿಲ್ಲ. ಟೊಮೆಟೊ, ಕೋಸು, ಅರಿಸಿನ ಬೆಳೆಯುವ ಈ ಸೀಮೆಯಲ್ಲಿ ಪಂಪ್‌ಸೆಟ್ ಇಲ್ಲದ ತೋಟವಿಲ್ಲ. ಮೋಟಾರು ಕಟ್ಟುವ ಅಂಗಡಿ ಇಲ್ಲದ ಪೇಟೆಯೂ ಇಲ್ಲ. ಅಲ್ಲಿ ಫ್ಯಾನು ಕಟ್ಟಲು ಇಟ್ಟಿರುವ 36 ಗೇಜ್ ತಾಮ್ರದ ತಂತಿ 0.19 ಮಿ.ಮೀ.; ಬೇಲಿಯ ಗೂಟಕ್ಕೆ, ಏಣಿಗೆ ಸಾಕು. 40 ಗೇಜ್ ಸಿಕ್ಕರೆ 0.12, ಇನ್ನೂ ಚೆನ್ನ. ಅಡ್ಡ ಎಳೆಗಳಿಗೂ ಮಾಸ್ಟಿನ ಹಗ್ಗಗಳಿಗೂ ಕಿಟ್ಟಿನ ಭಾಗಗಳನ್ನು ಹಿಡಿದಿರುವ ಚೌಕಟ್ಟಿನ ಕಡ್ಡಿಯನ್ನೇ ಬಳಸಿ: ಮೇಣದ ಬತ್ತಿಯ ಉರಿಯ ಮೇಲೆ, ಉರಿಗೆ ತಾಗಿಸದೆ, ತಿರುಗಿಸುತ್ತ ಹಿಡಿದು ಮೆತ್ತಗಾದ ಕೂಡಲೇ ಹೊರಗೆ ತೆಗೆದು ಎಳೆಯಿರಿ. ನಿಧಾನವಾಗಿ ಎಳೆದರೆ ದಪ್ಪ ಎಳೆ, ಬೇಗ ಎಳೆದರೆ ಕೂದಲಿಗಿಂತ ಸಣ್ಣ ಎಳೆ. ಅಂಟಿಸಿದ ಎಳೆ ಸಡಿಲವಾದರೆ ಆರಿಸಿದ ಊದುಕಡ್ಡಿಯ ಬಿಸಿ ತುದಿಯನ್ನು ಹತ್ತಿರ ತಂದರೆ ಸಾಕು, ಬಿಗಿಯಾಗುತ್ತದೆ.

ಬಣ್ಣಕ್ಕೆ ಒಣಹವೆಯ ದಿನ ಆರಿಸಿಕೊಳ್ಳಿ. ಮಳೆಗಾಲದಲ್ಲಿ ತಾಳವಾಡಿ ಬೆಟ್ಟದ ಮೇಲೆ ಲ್ಯಾಕರ್ ಹೊಡೆದರೆ ದ್ರಾವಕ ಆರುವ ಚಳಿಗೆ ಗಾಳಿಯ ತೇವ ಮೇಲ್ಮೈ ಮೇಲೆ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಕೊನೆಗೆ ಬಾವುಟ. ಇದರಲ್ಲಿ ಇಸವಿ ಮುಖ್ಯ. 1950ರ ಜನವರಿ 26ರ ನಂತರದ ಡೆಲ್ಲಿಗೆ ಬಿಳಿ ಬಾವುಟದ ಮೇಲೆ ಕೆಂಪು ಶಿಲುಬೆ, ಮೂಲೆಯಲ್ಲಿ ನಮ್ಮ ತ್ರಿವರ್ಣ. ಶಿವಾಜಿಯ ಮುದ್ರೆಯಿಂದ ಪ್ರೇರಿತವಾದ ಇಂದಿನ ಬಾವುಟ ಬಂದದ್ದು 2022ರ ಸೆಪ್ಟೆಂಬರ್ 2ರಂದು, ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಸೇವೆಗೆ ಸೇರಿದ ದಿನ. ಡೆಲ್ಲಿಯ ಮೇಲೆ ಅದನ್ನು ಹಾರಿಸಿದರೆ ಮಾಡಿದ ಕೆಲಸವೆಲ್ಲ ಸುಳ್ಳಾಗುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದೂ ವಿದ್ಯೆಯೇ. ಕೈಗೆ ಸಿಕ್ಕ ಸೂಕ್ಷ್ಮವನ್ನೆಲ್ಲ ಒಂದೇ ಕಡೆ ಪೇರಿಸಿ ಉಳಿದ ಕಡೆ ಕಿಟ್ಟಿನ ದಪ್ಪ ಬಿಟ್ಟರೆ ಹಡಗು ಎರಡು ತುಂಡಾಗಿ ಕಾಣುತ್ತದೆ. ಹಡಗಿನ ಉದ್ದಕ್ಕೂ ಒಂದೇ ಮಟ್ಟದ ನಯ ಇರಬೇಕು. ಒಳ್ಳೆಯ ಮಾದರಿಯನ್ನು ನಾನು ಅಳೆಯುವುದು ಇದರಿಂದಲೇ. ನಿಜವಾದ ಏಣಿ, ಬಾಗಿಲು, ಕಂಬಿಗಳ ಹದ ತಿಳಿಯಬೇಕಾದವರು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿ, 2006ರಲ್ಲಿ ಸಂಗ್ರಹಾಲಯವಾದ ಐಎನ್‌ಎಸ್ ಚಾಪಲ್ ಕ್ಷಿಪಣಿ ದೋಣಿಯನ್ನು ನೋಡಬೇಕು. ಉಕ್ಕಿನ ತಗಡು ಎಷ್ಟು ತೆಳು ಎಂಬುದನ್ನು ಅದರ ಮುಂದೆ ನಿಂತು ಕಲಿತಷ್ಟು ಪುಸ್ತಕದಿಂದ ಕಲಿಯಲಾಗದು.

ಹಾಗಾದರೆ ಐಎನ್‌ಎಸ್ ಮೈಸೂರು? ಮೊದಲು ನೈಜೀರಿಯಾ ಎಂಬ ಹೆಸರಿದ್ದು 1957ರ ಆಗಸ್ಟ್ 29ರಂದು ನಮ್ಮದಾದ ಕ್ರೂಸರ್ ಅದು. ಲಾಂಛನದಲ್ಲಿ ಗಂಡಭೇರುಂಡ, ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನದು. 1961ರಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪಕ್ಕೆ ನೌಕಾಸೈನಿಕರು ಇಳಿದಾಗ ಬೆಂಬಲಕ್ಕೆ ನಿಂತಿತ್ತು. 1971ರಲ್ಲಿ ಪಶ್ಚಿಮ ನೌಕಾಬಳಗದ ಮುಖ್ಯ ಹಡಗಾಗಿತ್ತು. 1985ರಲ್ಲಿ ಸೇವೆ ಮುಗಿಸಿತು. ಉದ್ದದಲ್ಲಿ ಡೆಲ್ಲಿಗೆ ಸರಿಸಮ, ಆದರೆ ಅಗಲ ಸುಮಾರು 19 ಮೀಟರ್, ಡೆಲ್ಲಿಯದು 17. ನಮ್ಮ ಪ್ರಮಾಣದಲ್ಲಿ 3 ಮಿ.ಮೀ. ವ್ಯತ್ಯಾಸ. ಹಿಂಬದಿ ಚಪ್ಪಟೆ, ಟರೆಟ್ಟಿನಲ್ಲಿ ಮೂರು ಮೂರು ನಳಿಗೆ. ಏಜಾಕ್ಸ್ ಒಡಲನ್ನು ಹಿಗ್ಗಿಸಿ ಅದನ್ನು ಮಾಡಲಾಗದು, ಒಡಲಿನಿಂದಲೇ ಕೆತ್ತಬೇಕು. ಡೆಲ್ಲಿಯಲ್ಲಿ ಕೈ ಪಳಗಿದವರು ಕೈಹಾಕಬೇಕಾದ ಹಡಗು ಅದು.

ಅದಕ್ಕೆ ನಿಮ್ಮ ನೆರವು ಬೇಕು. ಬ್ರಿಟಿಷ್ ಕಾಲದ ನಕ್ಷೆಗಳು ಗ್ರೀನಿಚ್‌ನ ಕಡಲ ಸಂಗ್ರಹಾಲಯದಲ್ಲಿ ಸಿಗುತ್ತವೆ. ಭಾರತದ ಸೇವೆಯಲ್ಲಿದ್ದಾಗ ಡೆಕ್ಕಿನ ಮೇಲೆ ಏನೆಲ್ಲ ಬದಲಾಯಿತು ಎಂಬುದು ನಾವಿಕರು ತೆಗೆಸಿಕೊಂಡ ಫೋಟೊಗಳ ಹಿನ್ನೆಲೆಯಲ್ಲಿದೆ: ಹೆಗಲಮೇಲೆ ಕೈ ಹಾಕಿ ನಿಂತ ಗೆಳೆಯರ ಹಿಂದಿನ ಏಣಿ, ದೋಣಿ, ರೇಡಾರ್. ಕೊಡಗು, ಕಾರವಾರ, ಮಂಗಳೂರು, ಮೈಸೂರು ಕಡೆಯಲ್ಲಿ ಡೆಲ್ಲಿ ಅಥವಾ ಮೈಸೂರು ಹಡಗಿನಲ್ಲಿ ದುಡಿದ ಹಿರಿಯರ ಮನೆಗಳಿದ್ದರೆ, ಅಟ್ಟದ ಮೇಲಿನ ಆಲ್ಬಮ್ಮನ್ನು ಗೆದ್ದಲಿಗೆ ಬಿಡಬೇಡಿ. ಫೋಟೊದ ಹಿಂದೆ ಹಡಗಿನ ಹೆಸರು, ಇಸವಿ ಬರೆದಿಡಿ, ಪ್ರತಿ ತೆಗೆಸಿ, ಕಟ್ಟುವವರ ಕೈಗೆ ತಲುಪಿಸಿ.