ಪಾಯಲ್ಲಿಗೆ ಬೀಜವಿಲ್ಲ, ಆದರೂ ಆಯ್ಕೆ ತಪ್ಪಿಲ್ಲ

ಮಳೆಗಾಲದಲ್ಲಿ ಕೇರಳದ ಮಟ್ಟಾಂಚೇರಿಯ ದೋಣಿಕಟ್ಟೆಯ ಮೇಲೆ ನಿಂತರೆ ಇಳಿತದ ನೀರಿನ ಜೊತೆ ಹಸಿರು ಚಾಪೆಗಳು ಸಮುದ್ರದ ಕಡೆ ತೇಲುವುದು ಕಾಣುತ್ತದೆ. ಬಹುಪಾಲು ನೀಲಿ ಹೂವಿನ ಅಂತರಗಂಗೆ, ಮಲಯಾಳಿಗಳ ಕುಳವಾಳ. ನಡುನಡುವೆ ಸಿಕ್ಕಿಕೊಂಡು ಬರುವ ಸಣ್ಣೆಲೆಯದು ಸಾಲ್ವೀನಿಯಾ ಮೊಲೆಸ್ಟಾ ಎಂಬ ಜಲಜರಿ. ಕೇರಳ ಅದಕ್ಕಿಟ್ಟ ಹೆಸರು ಆಫ್ರಿಕನ್ ಪಾಯಲ್. ತವರು ಆಗ್ನೇಯ ಬ್ರೆಜಿಲ್! ಹೆಸರಿನ ಈ ತಪ್ಪನ್ನು ಕ್ಷಮಿಸಬಹುದು. ಇನ್ನೊಂದು ತಪ್ಪನ್ನು ಕ್ಷಮಿಸಲಾರೆ. ಗಂಡು ಹೆಣ್ಣು ಕೂಡದೆ ವಂಶ ಬೆಳೆಸುವ ಗಿಡವೆಲ್ಲ ಒಂದೇ ಅಚ್ಚಿನ ಇಟ್ಟಿಗೆ, ಅದರಲ್ಲಿ ನಿಸರ್ಗ ಆರಿಸುವುದೇನು ಬಂತು ಎಂದು ಓದಿದವರೂ ಹೇಳುತ್ತಾರೆ.

ಒಂದು ಎಳೆ ಕೈಗೆ ತೆಗೆದುಕೊಳ್ಳಿ. ಗೆಣ್ಣಿಗೆ ಮೂರು ಎಲೆ. ಎರಡು ನೀರ ಮೇಲೆ, ಮೂರನೆಯದು ಎಳೆಎಳೆಯಾಗಿ ಸೀಳಿ ನೀರೊಳಗೆ ಬೇರಿನಂತೆ ಇಳಿಬಿದ್ದಿರುತ್ತದೆ. ನಿಜವಾದ ಬೇರೇ ಇಲ್ಲ. ವರ್ಣತಂತುಗಳ ಐದು ಕಂತೆಗಳಿರುವ ಈ ಜರಿಯ ಬೀಜಕಗಳು ಬಂಜೆ. ವಂಶವೆಲ್ಲ ಗೆಣ್ಣಿನ ಕಂಕುಳಲ್ಲಿರುವ ಮೊಗ್ಗುಗಳದ್ದು. ಬಿಡುವಾದ ನೀರಲ್ಲಿ ಎಲೆ ಚಿಕ್ಕದು, ಚಪ್ಪಟೆ, ಕಾಂಡ ಸಪೂರ, ಮುಟ್ಟಿದರೆ ಮುರಿಯುವಂಥದ್ದು. ಅಂದರೆ ಹರಡುವ ಕಾಲ. ದಟ್ಟಣೆ ಹೆಚ್ಚಿದಂತೆ ಎಲೆ ದೊಡ್ಡದಾಗಿ, ನಡುವೆ ಮಡಚಿ, ಒಂದಕ್ಕೊಂದು ಆತು ನಿಲ್ಲುತ್ತದೆ. ಅಂದರೆ ಜಾಗ ಹಿಡಿದು ಕೂರುವ ಕಾಲ. ನೀರಲ್ಲಿ ಸಾರಜನಕ ಸಾಕಷ್ಟಿದ್ದರೆ ಮೊಗ್ಗುಗಳು ಒಡೆಯುತ್ತವೆ, ಇಲ್ಲವಾದರೆ ಮಲಗಿರುತ್ತವೆ. ಯಾವಾಗ ಹರಡಬೇಕು, ಯಾವಾಗ ಬಲಿಯಬೇಕು ಎಂಬ ಈ ಲೆಕ್ಕಾಚಾರ ಬ್ರೆಜಿಲಿನ ಹಳೆಯ ಆಯ್ಕೆಯ ಫಲ. ತಿರುವನಂತಪುರದ ವೇಳಿ ಕೆರೆಯಲ್ಲಿ 1955ರಲ್ಲಿ ಕಾಣಿಸಿಕೊಂಡಾಗ ಗಿಡ ಅದನ್ನು ಹೊತ್ತೇ ಬಂದಿತ್ತು. ಇದನ್ನು ಕೇರಳದಲ್ಲಿ ಹೊಸದಾಗಿ ನಡೆದ ವಿಕಾಸ ಎಂದು ಕೊಂಡಾಡುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ಹಾಗಾದರೆ ಕೂಡದ ಗಿಡದಲ್ಲಿ ಆಯ್ಕೆ ಕಣ್ಣೆದುರೇ ನಡೆಯುವುದುಂಟೇ? ಉಂಟು. ಅಮೆರಿಕದ ಮಿಚಿಗನ್‌ನಲ್ಲಿ ಸೋಲ್‌ಬ್ರಿಗ್ ಮತ್ತು ಸಿಂಪ್ಸನ್ ಎಂಬ ಸಸ್ಯವಿಜ್ಞಾನಿಗಳು ಡ್ಯಾಂಡಿಲಿಯನ್ ಎಂಬ ಹಳದಿ ಹೂವಿನ ಗಿಡವನ್ನು ನೋಡಿ 1974ರಲ್ಲಿ ಬರೆದರು. ಅದು ಪರಾಗದ ಹಂಗಿಲ್ಲದೆ ಬೀಜ ಕಟ್ಟುತ್ತದೆ, ಬೀಜದಿಂದ ಬಂದದ್ದು ತಾಯಿಯ ಪಡಿಯಚ್ಚು. ಆದರೆ ತಾಯಂದಿರು ಹಲವು. ತುಳಿದು, ಕತ್ತರಿಸಿ ಹಿಂಸಿಸುವ ಹುಲ್ಲುಹಾಸಿನಲ್ಲಿ ಬೇಗ ಹೂಬಿಟ್ಟು ಬೀಜಕ್ಕೇ ಹೆಚ್ಚು ಸುರಿಯುವ ತಳಿ ಗೆದ್ದಿತ್ತು. ಯಾರೂ ಕಾಲಿಡದ ಜಾಗದಲ್ಲಿ ಎಲೆ ಬೆಳೆಸಿ ನೆರೆಯವರನ್ನು ಒತ್ತರಿಸುವ ತಳಿ. ಆಯ್ಕೆಗೆ ಬೇಕಾದದ್ದು ಭಿನ್ನತೆ, ಮದುವೆಯಲ್ಲ.

ಮದುವೆಯಿಲ್ಲದ್ದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ಸಾಕ್ಷಿ ನಮ್ಮ ಬೆಂಗಳೂರಿನಲ್ಲೇ ಇದೆ. ನಮ್ಮ ಪಾಯಲ್ ಜರಿಯನ್ನು ಸಾಲ್ವೀನಿಯಾ ಆರಿಕ್ಯುಲೇಟಾ ಎಂದೇ ತಿಳಿದಿದ್ದರಿಂದ ಅದರ ವೈರಿಯನ್ನು ತಪ್ಪು ಕಡೆ ಹುಡುಕಿ ವರ್ಷಗಟ್ಟಲೆ ಕಳೆದುಹೋಯಿತು. ಬೇರೆಯೇ ಜಾತಿ ಎಂದು ಸಸ್ಯವಿಜ್ಞಾನಿ ಮಿಚೆಲ್ ಹೆಸರಿಟ್ಟದ್ದು 1972ರಲ್ಲಿ, ತವರು ಪತ್ತೆಯಾದದ್ದು ಆಮೇಲೆ. ಅಲ್ಲಿ ಸಿಕ್ಕಿದ ಎರಡು ಮಿಲಿಮೀಟರಿನ ಮೂತಿಹುಳು ಆಸ್ಟ್ರೇಲಿಯದಲ್ಲಿ ಕೆರೆಯೊಂದರ ಕಳೆಯನ್ನೇ ಬರಿದು ಮಾಡಿತು. 1983–84ರಲ್ಲಿ ಬೆಂಗಳೂರಿನ ನೈದಿಲೆಕೊಳವೊಂದಕ್ಕೂ ಅದನ್ನು ಬಿಟ್ಟರು. ಪ್ರೌಢ ಹುಳು ಮೊಗ್ಗು ತಿನ್ನುತ್ತದೆ, ಮರಿ ಕಾಂಡ ಕೊರೆಯುತ್ತದೆ. ವರ್ಷದೊಳಗೆ ಕೊಳ ತಿಳಿಯಾಯಿತು. ಕೇರಳದ ಕುಟ್ಟನಾಡಿನ ತೋಡುಗಳಲ್ಲೂ ಅದೇ ಆಯಿತು. ಹೊಸ ಬೆರಕೆಯಿಲ್ಲದ ಗಿಡಕ್ಕೆ ಹುಳುವಿನೆದುರು ಹೂಡಲು ಹೊಸ ಆಯುಧವಿರಲಿಲ್ಲ.

ಆದರೆ ಇಷ್ಟರಿಂದ ಗಿಡ ಜಡ ಎಂದಾಗುವುದಿಲ್ಲ. ಹುಳುವಿನ ಹಲ್ಲಿಗೆ ಉತ್ತರವಿಲ್ಲದ ಗಿಡವೇ ಮನುಷ್ಯನ ಕೈಗೆ ಸಲೀಸಾಗಿ ಉತ್ತರ ಕೊಡುತ್ತದೆ. ಎಳೆದರೆ ತುಂಡಾಗುತ್ತದೆ, ತುಂಡಿನಲ್ಲೊಂದು ಮೊಗ್ಗಿದ್ದರೆ ಸಾಕು.

ನೀರಿನ ಗುಣ ನಿರ್ಧರಿಸುವುದೂ ನಾವೇ. ಕೇರಳದ ವೆಂಬನಾಡಿನ ಹಿನ್ನೀರಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗಿದರೆ ಅಂತರಗಂಗೆಯೂ ಸಾಲ್ವೀನಿಯಾವೂ ಕಂದಿ ಸಾಯುತ್ತವೆ. ಅದು ವರ್ಷಕ್ಕೊಮ್ಮೆ ಬರುತ್ತಿದ್ದ ಕಡುನಿಷ್ಠುರ ಆಯ್ಕೆ. ಭತ್ತಕ್ಕೆ ಉಪ್ಪು ತಾಗದಿರಲೆಂದು 1970ರ ದಶಕದಲ್ಲಿ ತಣ್ಣೀರ್ಮುಕ್ಕಂ ಬಂಡ್ ಕಟ್ಟಿ ಬಾಗಿಲು ಹಾಕಿದೆವು. ಬಂಡಿನ ತೆಂಕಣಕ್ಕೆ ಸಿಹಿನೀರು ನಿಂತಿತು, ಗದ್ದೆಯ ಗೊಬ್ಬರ ಇಳಿಯಿತು, ಕಳೆಗೆ ಹಬ್ಬವಾಯಿತು. ಬಡಗಣಕ್ಕಿರುವ ಮಟ್ಟಾಂಚೇರಿಯಲ್ಲಿ ಬೇಸಿಗೆ ಏರಿದಂತೆ ಉಪ್ಪು ಇಂದಿಗೂ ತನ್ನ ಕೆಲಸ ತಾನು ಮಾಡುತ್ತದೆ. ಚೀನಾ ಬಲೆ ಎತ್ತುವವರಿಗೆ ಮಳೆಗಾಲದಲ್ಲಿ ಮೀನಿಗಿಂತ ಹೆಚ್ಚಾಗಿ ಸಿಗುವ ಸೊಪ್ಪು ಆಗ ತಾನಾಗಿ ಕಡಿಮೆಯಾಗುತ್ತದೆ. ‘ದಾಳಿಕೋರ’ ಎಂದು ಗಿಡವನ್ನು ಬೈಯುವ ಬರಹಗಳಲ್ಲಿ ಬಂಡಿನ ಹೆಸರು ಅಪರೂಪ.

ಬೆಂಗಳೂರಿನಲ್ಲಿ ಭಾನುವಾರ ಕೆರೆ ಸ್ವಚ್ಛತೆಗೆ ಇಳಿಯುವವರಲ್ಲಿ ಒಂದು ವಿನಂತಿ: ಕಿತ್ತದ್ದನ್ನು ನೀರಂಚಿನಲ್ಲಿ ಗುಡ್ಡೆ ಹಾಕಿ ಹೋಗಬೇಡಿ. ಮುರಿದ ಚೂರುಗಳನ್ನೂ ಬಾಚಿ, ಏರಿಯ ಆಚೆ ಬದಿಗೆ ಸಾಗಿಸಿ, ಬಿಸಿಲಿಗೆ ಹರವಿ.