ಗುಡ್ಡದೊಳಗೆ ಇಳಿದ ಭಾರತ ಭವನ

ಭೋಪಾಲದ ಶಾಮ್ಲಾ ಗುಡ್ಡದ ರಸ್ತೆಯಲ್ಲಿ ಹೋಗುವವರಿಗೆ ಭಾರತ ಭವನ ಕಾಣುವುದು ಕೊಂಚವೇ. ಕಂಬಸಾಲಿಲ್ಲ, ಗುಮ್ಮಟವಿಲ್ಲ, ಒಳಹೋಗಲು ಅಳುಕು ಹುಟ್ಟಿಸುವ ಮಹಾದ್ವಾರವೂ ಇಲ್ಲ. ಹಸಿರು ಹೊದ್ದ ತಾರಸಿಗಳು, ಅವುಗಳ ನಡುವೆ ಕೆಳಗಿಳಿಯುವ ಮೆಟ್ಟಿಲುಗಳು, ಆಚೆಗೆ ಬಡಾ ತಾಲಾಬ್ ಎಂದು ಊರವರು ಕರೆಯುವ ದೊಡ್ಡ ಕೆರೆ. ಸಂಸ್ಕೃತಿಯ ಹೆಸರಿನಲ್ಲಿ ಸರ್ಕಾರಗಳು ಎತ್ತರದ ಕಟ್ಟಡಗಳನ್ನೇ ಬಯಸುವ ದೇಶದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇಲ್ಲಿ ಕಟ್ಟಡವನ್ನು ನೆಲದೊಳಕ್ಕೆ ಇಳಿಸಿದರು.

1982ರ ಫೆಬ್ರವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಈ ಭವನದ ಜೀವ ಇರುವುದು ಅದರ ಅಂಗಳಗಳಲ್ಲಿ. ಮಧ್ಯಾಹ್ನದ ಉರಿಬಿಸಿಲಿಗೆ ತಗ್ಗಿನ ಅಂಗಳದ ನೆರಳು, ಸಂಜೆಗೆ ತಾರಸಿಯ ಗಾಳಿ. ಹೊತ್ತಿಗೆ ತಕ್ಕಂತೆ ಜನ ಜಾಗ ಬದಲಿಸುತ್ತಾರೆ. ಸುತ್ತಲಿನ ಕೋಣೆಗಳು ಈ ಅಂಗಳಗಳಿಗೇ ತೆರೆದುಕೊಳ್ಳುತ್ತವೆ. ಬಾಗಿಲುಗಳು ಎರಡು ಪದರದವು: ಒಳಗಡೆ ಬೆಳಕಿಗೂ ಗಾಳಿಗೂ ಗಾಜು ಮತ್ತು ತೆರೆಯಬಲ್ಲ ಹಲಗೆಗಳು, ಹೊರಗಡೆ ರಾತ್ರಿ ಮುಚ್ಚುವ ದೊಡ್ಡ ಮರದ ಕದಗಳು. ತಾರಸಿಯ ಮೇಲೆ ತಲೆಯೆತ್ತಿದ ಕಾಂಕ್ರೀಟು ಗೂಡುಗಳು ಕೆಳಗಿನ ಕೋಣೆಗಳಿಗೆ ಆಕಾಶದ ಬೆಳಕನ್ನು ಇಳಿಸುತ್ತವೆ. ಏನನ್ನೂ ನೋಡಲು ಬಾರದವರೂ ಸುಮ್ಮನೆ ಕೂತು ಹೋಗಬಹುದು. ಕಟ್ಟಡದ ದೊಡ್ಡ ಗುಣ ಇದೇ.

ಹೀಗೆ ಅಡ್ಡಾಡಲು ಬಂದವರ ಎದುರಿಗೆ ಏನಿಡಬೇಕು ಎಂಬುದನ್ನೂ ಗಟ್ಟಿಯಾಗಿ ಯೋಚಿಸಲಾಗಿತ್ತು. ಚಿತ್ರ-ಶಿಲ್ಪಗಳಿಗೆ ರೂಪಂಕರ್, ಕಾವ್ಯಕ್ಕೆ ವಾಗರ್ಥ, ಸಂಗೀತಕ್ಕೆ ಅನಹದ್, ನಾಟಕಕ್ಕೆ ರಂಗಮಂಡಲ. ರೂಪಂಕರ್ ಹೊಣೆ ಹೊತ್ತ ಕಲಾವಿದ ಜೆ. ಸ್ವಾಮಿನಾಥನ್, ನಗರದ ಆಧುನಿಕರ ಕೃತಿಗಳಿಗೂ ಆದಿವಾಸಿಗಳ ಕೃತಿಗಳಿಗೂ ಒಂದೇ ಸೂರಿನಡಿ ಸಮಾನ ಮರ್ಯಾದೆ ಕೊಟ್ಟರು. ಅವರು ಹಳ್ಳಿಗಳಿಗೆ ಕಳಿಸಿದ್ದ ತಂಡದ ಕಣ್ಣಿಗೆ ಪಾಟನಗಢದ ಮನೆಗೋಡೆಯ ಚಿತ್ರವೊಂದು ಬಿತ್ತು. ಅದನ್ನು ಬರೆದ ಗೊಂಡ ಯುವಕ ಜನಗಢ ಸಿಂಗ್ ಶ್ಯಾಮ್ ಭೋಪಾಲಕ್ಕೆ ಬಂದು ನೆಲೆಸಿದರು. 1989ರ ಹೊತ್ತಿಗೆ ಅವರ ಚಿತ್ರಗಳು ಪ್ಯಾರಿಸ್ಸಿನ ಪ್ರದರ್ಶನ ತಲುಪಿದ್ದವು. ಇಂಥ ಕೃತಿಗಳನ್ನು ಜನಪದ ವಸ್ತುಗಳ ಮೂಲೆಗೆ ತಳ್ಳದೆ, ಇನ್ನೂ ಬದುಕಿರುವ ಕಲಾವಿದನೊಬ್ಬನ ಕೆಲಸವೆಂದು ತೋರಿಸಿದ ನಿಲುವು ಆ ದಿನಗಳಲ್ಲಿ ಸಣ್ಣದಲ್ಲ.

ರಂಗಮಂಡಲವನ್ನು ಕಟ್ಟಿದವರು ಕನ್ನಡದವರೇ, ಬಿ. ವಿ. ಕಾರಂತ. ಒಳಾಂಗಣದ ‘ಅಂತರಂಗ’, ಕೆರೆಗೆ ಮುಖ ಮಾಡಿದ ಬಯಲು ರಂಗ ‘ಬಹಿರಂಗ’ ಎರಡೂ ಅವರ ತಂಡಕ್ಕೆ ದಕ್ಕಿದವು. ಜನಪದ ಕಲಾವಿದರನ್ನು ಸೇರಿಸಿಕೊಂಡು ಬುಂದೇಲಖಂಡಿ, ಮಾಳವಿ, ಛತ್ತೀಸಗಢಿ ನುಡಿಗಳಲ್ಲಿ ಅವರು ನಾಟಕ ಆಡಿಸಿದರು. ವರ್ಷವಿಡೀ ಸಂಬಳ ಪಡೆದು ತಾಲೀಮು ನಡೆಸುವ ನಟವರ್ಗವೊಂದು ಅಲ್ಲೇ ಇದ್ದುದರಿಂದ ಭವನ ಬಾಡಿಗೆಯ ಸಭಾಂಗಣವಾಗಲಿಲ್ಲ. ಕಾರ್ಯಕ್ರಮವಿಲ್ಲದ ದಿನ ಗೇಟಿಗೆ ಬೀಗ ಬೀಳುವ ನಮ್ಮ ಎಷ್ಟೋ ರಂಗಮಂದಿರಗಳಿಗೆ ಕೊರತೆಯಾಗಿರುವುದು ಇದೇ: ಹವಾನಿಯಂತ್ರಣವಲ್ಲ, ಅಲ್ಲೇ ದುಡಿಯುವ ಕಲಾವಿದರು.

ಮೈಸೂರು ಈ ವಿಷಯದಲ್ಲಿ ಪುಣ್ಯ ಮಾಡಿತ್ತು. 1989ರಲ್ಲಿ ಕಾರಂತರು ಕಲಾಮಂದಿರದ ಆವರಣದಲ್ಲಿ ರಂಗಾಯಣ ಕಟ್ಟಿದಾಗ ಅಲ್ಲಿಯೂ ಮೊದಲು ಆಯ್ದುಕೊಂಡದ್ದು ಕಾಯಂ ನಟ-ನಟಿಯರ ತಂಡವನ್ನೇ.