ಜಲಮಂತ್ರ ತಡೆಯದ ಕೂಗು

ವೈಜ್ಞಾನಿಕ ಕಥೆಗಳ ಕಾಳಗ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಶಕ್ತಿ ಎಲ್ಲಿ ಕೈಕೊಡುತ್ತದೆ ಎಂಬ ಕಡೆಗೆ. ಆ ಜಾಗವನ್ನು ಕಥೆಗಾರ ಹೊಡೆದಾಟಕ್ಕೆ ಮೊದಲೇ ನಮಗೆ ತೋರಿಸಿರಬೇಕು. ಕೊನೆಯ ಗಳಿಗೆಯಲ್ಲಿ ವೀರನಿಗೊಂದು ಹೊಸ ಬಲವನ್ನೋ, ವೈರಿಗೊಂದು ಹೊಸ ಕೊರತೆಯನ್ನೋ ಹುಟ್ಟಿಸಿ ಪಂದ್ಯ ಮುಗಿಸುವ ಪುಸ್ತಕಗಳನ್ನು ನಾನು ಮತ್ತೆ ಕೈಗೆತ್ತಿಕೊಳ್ಳುವುದಿಲ್ಲ. ನಮ್ಮ ಜಾತ್ರೆಗಳ ಕುಸ್ತಿ ಕಣದ ಸುತ್ತ ಕೂತ ಹಿರಿಯರೂ ಹೀಗೆಯೇ. ಯಾವ ಪೈಲ್ವಾನನ ದಮ್ಮು ಎಷ್ಟು ಹೊತ್ತು, ಯಾರ ಯಾವ ಮೊಣಕಾಲು ನೋಯುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಒಂದೊಂದು ಪಟ್ಟಿಗೂ ಅವರ ಉಸಿರು ಬಿಗಿಯಾಗುತ್ತದೆ.

ಎಚ್. ಜಿ. ವೆಲ್ಸ್ 1897ರಲ್ಲಿ ಬರೆದ 'ದಿ ಇನ್ವಿಸಿಬಲ್ ಮ್ಯಾನ್' ಈ ವಿದ್ಯೆಯ ಮೊದಲ ಪಾಠ. ಗ್ರಿಫಿನ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಅವನು ತೊಟ್ಟ ಬಟ್ಟೆ ಕಾಣುತ್ತದೆ. ಹಾಗಾಗಿ ಲಂಡನ್ನಿನ ಚಳಿಗಾಲದಲ್ಲಿ ಬರಿಮೈಯಲ್ಲಿ ಅಲೆಯಬೇಕು. ಉಂಡ ಅನ್ನ ಕರಗುವತನಕ ಹೊಟ್ಟೆಯಲ್ಲಿ ಕಾಣುತ್ತದೆ. ಹಿಮ ಬಿದ್ದರೆ ಮೈಮೇಲೆ ಕೂತು ಆಕಾರ ಹೇಳುತ್ತದೆ. ನಾಯಿಗಳಿಗೆ ವಾಸನೆ ಸಾಕು. ಅವನ ಬೆನ್ನು ಹತ್ತುವ ಡಾಕ್ಟರ್ ಕೆಂಪ್ ಹೂಡುವ ತಂತ್ರವೂ ಇಲ್ಲಿಂದಲೇ ಹುಟ್ಟುತ್ತದೆ: ಅವನು ಎಲ್ಲಿಯೂ ಉಣ್ಣದಂತೆ, ಮಲಗದಂತೆ ಮಾಡಿ, ನಾಯಿಗಳನ್ನು ಬಿಡಿ. ಅದೃಶ್ಯತೆಯ ತಂಟೆಗೇ ಹೋಗದೆ ಕೆಂಪ್ ಅದರೊಳಗಿನ ಮನುಷ್ಯನನ್ನು ಹಿಡಿಯಲು ನೋಡುತ್ತಾನೆ.

ಫ್ರಾಂಕ್ ಹರ್ಬರ್ಟರ 'ಡ್ಯೂನ್' (1965) ಇನ್ನೂ ಸೂಕ್ಷ್ಮ. ಅಲ್ಲಿನ ಯೋಧರ ಮೈಸುತ್ತ ಇರುವ ಕವಚ ವೇಗವಾಗಿ ಬಂದ ಕತ್ತಿಯನ್ನು ತಡೆಯುತ್ತದೆ, ನಿಧಾನವಾಗಿ ಬಂದದ್ದನ್ನು ಒಳಗೆ ಬಿಡುತ್ತದೆ. ಈ ಕವಚದಲ್ಲೇ ಪಳಗಿದ ಕಥಾನಾಯಕ ಪಾಲ್, ಕವಚವಿಲ್ಲದ ಮರುಭೂಮಿಯಲ್ಲಿ ಜಾಮಿಸ್ ಎಂಬವನ ಎದುರು ನಿಂತಾಗ ತಪ್ಪಿಸಿಕೊಳ್ಳುವುದರಲ್ಲಿ ಮಿಂಚು, ಇರಿಯುವುದರಲ್ಲಿ ಮಂದ. ಕೊನೆ ಗಳಿಗೆಯಲ್ಲಿ ಕೈ ತಾನಾಗಿ ನಿಧಾನವಾಗುತ್ತದೆ. ನೋಡುವವರಿಗೆ ಅವನು ಎದುರಾಳಿಯನ್ನು ಆಟವಾಡಿಸುತ್ತಿದ್ದಾನೆ ಎನಿಸುತ್ತದೆ. ಶಕ್ತಿ ಕಳಚಿದ ಮೇಲೂ ಅದು ಕಲಿಸಿದ ರೂಢಿ ಮೈಯಲ್ಲಿ ಉಳಿದು ಕಾಡುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಕಾಳಗ ಆ ಸಾಹಿತ್ಯದಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಆದರೆ ಇವೆರಡನ್ನೂ ಮೀರಿದ್ದು ನಮ್ಮ ಸೀಮೆಯಲ್ಲೇ ಇದೆ. ಘಟಪ್ರಭೆಯ ದಂಡೆಯಲ್ಲಿ ಮುಧೋಳ ಎಂಬ ಊರಿದೆ. ಅಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಳುಕ್ಯರ ಆಸ್ಥಾನದ ತನಕ ಏರಿದ ರನ್ನ ತನ್ನ 'ಗದಾಯುದ್ಧ'ದ ಹತ್ತು ಆಶ್ವಾಸಗಳನ್ನು ಒಂದೇ ಒಂದು ಕಾಳಗದತ್ತ ನಡೆಸಿದ. ಅದರಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಗದೆಗೆ ಗದೆ ತಾಗುವುದಕ್ಕಿಂತ ಹಿಂದಿನ ಪುಟಗಳನ್ನು.

ಕೌರವರ ಸೈನ್ಯ ಅಳಿದಿದೆ. ಭೀಷ್ಮನ ಮಾತಿನಂತೆ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದಾನೆ. ಒಂದು ದಿನ ಕಳೆದರೆ ಸಾಕು, ಬಲರಾಮ, ಕೃಪ, ಅಶ್ವತ್ಥಾಮರು ಜೊತೆಯಾಗುತ್ತಾರೆ. ತಂತ್ರ ಸರಿಯಾಗಿದೆ. ಮಂತ್ರ ಉಸಿರು ಕಾಯುತ್ತದೆ, ನೀರು ಮೈ ಕಾಯುತ್ತದೆ, ಭೀಮನ ಗದೆ ತಳ ಮುಟ್ಟುವುದಿಲ್ಲ. ಭೀಮನಿಗೆ ಎದುರು ಮಂತ್ರ ಗೊತ್ತಿಲ್ಲ. ಅವನ ಹತ್ತಿರ ಉಳಿದಿರುವುದು ಗಂಟಲು ಮಾತ್ರ.

ಕೃಷ್ಣೆಯಲ್ಲಿ ಈಸು ಕಲಿತವರಿಗೆ ಗೊತ್ತು, ತಲೆ ಮುಳುಗಿದೊಡನೆ ದಂಡೆಯ ಮೇಲಿನ ಕೂಗು ಅಡಗಿಬಿಡುತ್ತದೆ. ನೀರೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ಗಾಳಿಯಿಂದ ನೀರಿಗೆ ದಾಟುವಾಗ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದು ನೀರಿನ ಮೈಯಿಂದಲೇ ಹಿಂದಿರುಗುತ್ತದೆ. ಅಂದರೆ ತಳದಲ್ಲಿ ಕೂತವನನ್ನು ಕೂಗಿ ಎಬ್ಬಿಸಲು ಸಾಮಾನ್ಯ ಗಂಟಲು ಸಾಲದು. ರನ್ನ ಭೀಮನಿಗೆ ಕೊಟ್ಟ ಆರ್ಭಟ ಮೂರು ಲೋಕ ನಡುಗಿಸುವಂಥದ್ದು. ಅದನ್ನು ಕವಿಯ ಅತಿಶಯವೆಂದು ಪಕ್ಕಕ್ಕಿಡುವವರಿದ್ದಾರೆ. ಈ ಕಾಳಗದ ಮಟ್ಟಿಗೆ ಅಷ್ಟು ದೊಡ್ಡ ಕೂಗೇ ಬೇಕಿತ್ತು. ಆಗಲೇ ಕೌರವ ನೀರೊಳಗೆ ಕೂತಂತೆಯೇ ಬೆವರುತ್ತಾನೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ. ಅಂಥ ತಂಪಿನಲ್ಲೂ ಬೆವರೊಡೆಯಬೇಕಾದರೆ ಒಳಗಿನ ಕುದಿ ಎಷ್ಟಿರಬೇಕು! ಮೇಲಾಗಿ ಬೆವರು ಆರಿದರೆ ತಾನೆ ಮೈ ತಂಪಾಗುವುದು? ನೀರಿನಲ್ಲಿ ಆರುವ ಮಾತೇ ಇಲ್ಲ. ರನ್ನನಿಗೆ ಈ ಭೌತವಿಜ್ಞಾನ ತಿಳಿದಿತ್ತು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಅವನಿಗೆ ತಿಳಿದಿದ್ದದ್ದು ದುರ್ಯೋಧನ. ಜಲಮಂತ್ರ ಉಸಿರನ್ನು ಕಾದೀತು, ಛಲವನ್ನು ಕಾಯಲಾರದು. ಹೇಡಿ ಎನ್ನಿಸಿಕೊಂಡು ಒಂದು ದಿನ ಕೂರಲಾರದವನಿಗೆ ಒಂದು ದಿನದ ಕೋಟೆ ಕೊಟ್ಟದ್ದರಲ್ಲೇ ಸೋಲು ಅಡಗಿತ್ತು.

ಇನ್ನು ಗದೆಯ ಕಾಳಗ. ಇಲ್ಲಿ ವ್ಯಾಸಭಾರತದ ಶಲ್ಯಪರ್ವವನ್ನೂ ಜೊತೆಗಿಟ್ಟುಕೊಳ್ಳಬೇಕು. ದುರ್ಯೋಧನ ಹದಿಮೂರು ವರ್ಷ ಭೀಮನ ಉಕ್ಕಿನ ಪ್ರತಿಮೆಯ ಮೇಲೆ ಅಭ್ಯಾಸ ಮಾಡಿದವನು. ಬಲ ಭೀಮನದು, ಚಳಕ ಇವನದು ಎಂದು ಕೃಷ್ಣನೇ ಒಪ್ಪುತ್ತಾನೆ. ಭೀಮನ ಏಟು ಬರುವಾಗ ಮೇಲಕ್ಕೆ ನೆಗೆದು ತಪ್ಪಿಸಿಕೊಳ್ಳುವುದು ಅವನ ಚಳಕಗಳಲ್ಲೊಂದು. ನೆಗೆದವನು ಮತ್ತೆ ನೆಲ ಮುಟ್ಟುವತನಕ ದಾರಿ ಬದಲಿಸಲಾರ. ಭೀಮ ಅದನ್ನು ಕಾದಿದ್ದು ಆ ಗಳಿಗೆಯಲ್ಲೇ ತೊಡೆಗೆ ಗದೆ ಬೀಸುತ್ತಾನೆ. ಉಕ್ಕಿನ ಪ್ರತಿಮೆ ಎಂದೂ ಹಾಗೆ ಕಾದು ಹೊಡೆದಿರಲಿಲ್ಲ.

ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ಕಟ್ಟಳೆ, ಅದು ಮುರಿಯಿತು. ಹಾಗಿದ್ದೂ ಓದುಗನಾಗಿ ನನಗೆ ಮೋಸವಾಯಿತು ಎನಿಸುವುದಿಲ್ಲ. ಈ ತೊಡೆ ಮುರಿಯುತ್ತೇನೆಂದು ಭೀಮ ದ್ಯೂತಸಭೆಯಲ್ಲೇ ಎಲ್ಲರೆದುರು ಕೂಗಿ ಹೇಳಿದ್ದ. ನಮಗೂ ಕೇಳಿಸಿತ್ತು, ದುರ್ಯೋಧನನಿಗೂ ಕೇಳಿಸಿತ್ತು. ಇಬ್ಬರಿಗೂ ಗದೆ ಕಲಿಸಿದ ಬಲರಾಮ ಮಾತ್ರ ಇದನ್ನು ಒಪ್ಪಲಿಲ್ಲ. ನೇಗಿಲೆತ್ತಿ ಭೀಮನ ಮೇಲೆ ಹೋದ, ಕೃಷ್ಣ ಅಪ್ಪಿ ಹಿಡಿದು ಪ್ರತಿಜ್ಞೆಯ ನೆನಪು ಹೇಳಿದರೂ ಸಮಾಧಾನವಾಗದೆ ದ್ವಾರಕೆಗೆ ಹೊರಟುಹೋದ. ಕಣದ ಪಂಚನಾಗಿ ಅವನು ಮಾಡಿದ್ದು ಸರಿ ಎಂದೇ ನಾನು ಹೇಳುತ್ತೇನೆ.